ಲೋಹ ಹಿಡಿಯುವ ಇಕ್ಕುಳ

ಇಡಗುಂಜಿ ಕಡೆಯ ಸದ್ಭಕ್ತರೊಬ್ಬರು ಶ್ರೀಮಠದ ಪತ್ರಿಕೆಗೆ ಎರಡು ಪ್ರಶ್ನೆಗಳನ್ನು ಬರೆದು ಕಳುಹಿಸಿದ್ದಾರೆ. ಅವರ ಮೊಮ್ಮಗನ ರಕ್ತವನ್ನು ಒಂದು ಕಾಗದದ ಮೇಲೆ ಹನಿಯಾಗಿ ತೆಗೆದುಕೊಂಡು ವಂಶವಾಹಿ ಪರೀಕ್ಷೆಗೆ ಕಳುಹಿಸಲಾಯಿತಂತೆ. ಒಣಗಿದ ಆ ಒಂದು ಹನಿಯಿಂದ ಡಿಎನ್‌ಎಯನ್ನು ಹೇಗೆ ಹೊರತೆಗೆಯುತ್ತಾರೆ ಎಂಬುದು ಮೊದಲನೆಯ ಪ್ರಶ್ನೆ. ಹೃದಯದ ರಕ್ತನಾಳದಲ್ಲಿ ಕಟ್ಟಿದ ಕಲ್ಮಶವನ್ನು ಶಸ್ತ್ರಕ್ರಿಯೆಯಿಲ್ಲದೆ ಕರಗಿಸುವ ‘ಕೀಲೇಷನ್’ ಚಿಕಿತ್ಸೆಯ ಜಾಹೀರಾತನ್ನು ಕಂಡಿದ್ದೇವೆ, ಅದನ್ನು ಮಾಡಿಸಿಕೊಳ್ಳಬಹುದೇ ಎಂಬುದು ಎರಡನೆಯದು. ಈ ಎರಡು ಪ್ರಶ್ನೆಗಳಿಗೆ ಒಂದಕ್ಕೊಂದು ಸಂಬಂಧವಿದೆ ಎಂಬುದು ಪ್ರಶ್ನೆ ಕೇಳಿದವರಿಗೆ ಗೊತ್ತಿತ್ತೋ ಇಲ್ಲವೋ, ಆದರೆ ಸಂಬಂಧವಿರುವುದು ನಿಜ. ಪ್ರಯೋಗಾಲಯದ ಕೊಳವೆಯಲ್ಲಿ ನಡೆಯುವುದೂ ರೋಗಿಯ ರಕ್ತದಲ್ಲಿ ನಡೆಯುವುದೂ ಒಂದೇ ಬಗೆಯ ರಾಸಾಯನಿಕ ಕ್ರಿಯೆ. ಆದ್ದರಿಂದ ಈ ತಿಂಗಳ ಆರೋಗ್ಯ ವಿಭಾಗದಲ್ಲಿ ಆ ಕ್ರಿಯೆಯನ್ನೇ ಬುಡದಿಂದ ತಿಳಿದುಕೊಳ್ಳೋಣ.

ಕೀಲೇಷನ್ ಎಂಬ ಪದ ಗ್ರೀಕ್ ಭಾಷೆಯ ‘ಖೀಲೆ’ ಎಂಬ ಮಾತಿನಿಂದ ಬಂದಿದೆ. ಏಡಿಯ ಮುಂಗಾಲಿನ ಇಕ್ಕುಳಕ್ಕೆ ಗ್ರೀಕರು ಹಾಗೆನ್ನುತ್ತಿದ್ದರು. 1920ರಲ್ಲಿ ಮಾರ್ಗನ್ ಮತ್ತು ಡ್ರ್ಯೂ ಎಂಬ ರಸಾಯನ ವಿಜ್ಞಾನಿಗಳು ಈ ಹೆಸರನ್ನು ಬಳಕೆಗೆ ತಂದರು. ಕನ್ನಡದ ‘ಕೀಲು’ ಪದಕ್ಕೂ ಇದಕ್ಕೂ ಯಾವ ನಂಟೂ ಇಲ್ಲ. ಆದರೂ ಎರಡು ವಸ್ತುಗಳನ್ನು ಬಿಗಿಯಾಗಿ ಹಿಡಿಯುವುದು ಕೀಲಿನ ಕೆಲಸವಾದ್ದರಿಂದ ನೆನಪಿಟ್ಟುಕೊಳ್ಳಲು ಅದು ಅನುಕೂಲವೇ. ಶರಾವತಿ, ಅಘನಾಶಿನಿಗಳ ಅಳಿವೆಯ ಕೆಸರಿನಲ್ಲಿ ಏಡಿಯನ್ನು ನೋಡಿದವರಿಗೆ ಹೋಲಿಕೆ ಥಟ್ಟನೆ ಮನಸ್ಸಿಗೆ ಬರುತ್ತದೆ. ಅದು ಹಿಡಿದ ವಸ್ತುವನ್ನು ಒಂದು ಕಡೆಯಿಂದಲ್ಲ, ಎರಡು ಕಡೆಗಳಿಂದ ಒತ್ತಿ ಹಿಡಿಯುತ್ತದೆ. ಒಂದು ಕಡೆಯ ಹಿಡಿತ ಸಡಿಲವಾದರೂ ಇನ್ನೊಂದು ಬಿಡುವುದಿಲ್ಲ.

ಕೆಲವು ಅಣುಗಳಿಗೆ ಇಂಥ ಇಕ್ಕುಳಗಳಿವೆ. ಆಮ್ಲಜನಕ, ಸಾರಜನಕ ಮುಂತಾದ ಪರಮಾಣುಗಳು ಆ ಅಣುವಿನಲ್ಲಿ ತಕ್ಕ ಅಂತರದಲ್ಲಿ ಕುಳಿತಿರುತ್ತವೆ. ನೀರಿನಲ್ಲಿ ಕರಗಿದ ಲೋಹದ ಅಯಾನು, ಅಂದರೆ ಧನ ವಿದ್ಯುದಂಶವುಳ್ಳ ಲೋಹದ ಕಣ, ಹತ್ತಿರ ಬಂದಾಗ ಆ ಪರಮಾಣುಗಳು ಅದನ್ನು ಎರಡು, ಮೂರು, ಕೆಲವೊಮ್ಮೆ ಆರು ಕಡೆಗಳಿಂದ ಸುತ್ತುವರಿದು ಹಿಡಿದುಬಿಡುತ್ತವೆ. ಇದು ಪ್ರಯೋಗಾಲಯದ ಕೃತಕ ಜಾಣ್ಮೆ ಮಾತ್ರವಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್‌ನಲ್ಲಿ ಕಬ್ಬಿಣವನ್ನು ನಾಲ್ಕು ಸಾರಜನಕಗಳು ಹೀಗೆಯೇ ಹಿಡಿದಿವೆ. ಬಿಲ್ವಪತ್ರೆಯ ಹಸಿರಿನಲ್ಲಿ ಮೆಗ್ನೀಸಿಯಮ್ ಹೀಗೆಯೇ ಕುಳಿತಿದೆ. ಬಿ12 ಜೀವಸತ್ವದ ನಡುವೆ ಕೋಬಾಲ್ಟ್ ಇದೆ. ಪ್ರಾಣಿಯ ಉಸಿರೂ ಗಿಡದ ಆಹಾರವೂ ಈ ಹಿಡಿತವನ್ನು ನೆಚ್ಚಿಕೊಂಡಿವೆ.

ರಾಳ ಎಂದೊಡನೆ ನಮ್ಮ ಜಿಲ್ಲೆಯವರಿಗೆ ಧೂಪದ ಮರವೋ ಹಾಲುಮಡ್ಡಿಯೋ ನೆನಪಾದೀತು. ಪ್ರಯೋಗಾಲಯದ ರಾಳ ಅದಲ್ಲ. ಸ್ಟೈರೀನ್ ಎಂಬ ಪ್ಲಾಸ್ಟಿಕ್ ವಸ್ತುವನ್ನು ಬಲೆಯಂತೆ ಹೆಣೆದು ಮಾಡಿದ ಸಣ್ಣ ಸಣ್ಣ ಗುಂಡುಗಳು ಅವು. ನೋಡಲು ನುಣುಪು ರವೆಯಂತಿರುತ್ತವೆ, ನೀರಿನಲ್ಲಿ ಕರಗುವುದಿಲ್ಲ. ಆ ಬಲೆಯ ಎಳೆಎಳೆಗೂ ಇಮಿನೋಡೈಅಸಿಟೇಟ್ ಎಂಬ ಇಕ್ಕುಳಗಳನ್ನು ಅಂಟಿಸಿರುತ್ತಾರೆ. ‘ಚೀಲೆಕ್ಸ್ 100’ ಎಂಬ ಹೆಸರಿನಲ್ಲಿ ಮಾರಾಟವಾಗುವ ರಾಳ ಇದೇ. ಗುಂಡು ನೀರಿನ ತಳದಲ್ಲಿ ಉಳಿಯುತ್ತದೆ, ಲೋಹ ಗುಂಡಿಗೆ ಕಚ್ಚಿಕೊಳ್ಳುತ್ತದೆ, ಮೇಲಿನ ನೀರು ಲೋಹಮುಕ್ತವಾಗುತ್ತದೆ. ಹಿಡಿದ ವಸ್ತುವನ್ನು ನೀರಿನಿಂದ ಬೇರ್ಪಡಿಸಲು ಬೇರೆ ಶ್ರಮವೇ ಬೇಡ ಎಂಬುದು ಈ ರಾಳದ ಹೆಚ್ಚುಗಾರಿಕೆ.

ಎಲ್ಲ ಲೋಹಗಳನ್ನೂ ಅದು ಸಮನಾಗಿ ಹಿಡಿಯುವುದಿಲ್ಲ. ಸತುವಿನ ಮೇಲಿನ ಹಿಡಿತವನ್ನು 1 ಎಂದಿಟ್ಟುಕೊಂಡರೆ ತಾಮ್ರದ ಮೇಲಿನ ಹಿಡಿತ ನೂರಕ್ಕೂ ಹೆಚ್ಚು, ಪಾದರಸದ ಮೇಲಿನದು ಸಾವಿರದ ಆಸುಪಾಸು, ಸೀಸದ ಮೇಲಿನದು ನಾಲ್ಕರಷ್ಟು. ಸುಣ್ಣದ ಕ್ಯಾಲ್ಸಿಯಮ್ ಆದರೋ ನೂರರಲ್ಲೊಂದು ಪಾಲು. ಅಡುಗೆ ಉಪ್ಪಿನ ಸೋಡಿಯಮ್ ಲೆಕ್ಕಕ್ಕೇ ಇಲ್ಲದಷ್ಟು ಕಡಿಮೆ. ಹೀಗಾಗಿ ಉಪ್ಪುನೀರಿನಲ್ಲಿ ಅಲ್ಪಸ್ವಲ್ಪ ಬೆರೆತ ಭಾರಲೋಹವನ್ನು ಮಾತ್ರ ಆರಿಸಿ ತೆಗೆಯಲು ಇದು ಹೇಳಿಮಾಡಿಸಿದ ಸಾಧನ. ನೀರು ಆಮ್ಲೀಯವಾದರೆ ಮಾತ್ರ ಇಕ್ಕುಳಗಳಲ್ಲಿ ಜಲಜನಕ ಬಂದು ಕೂರುತ್ತದೆ, ಲೋಹ ಬಿಟ್ಟುಹೋಗುತ್ತದೆ. ಇದೊಂದು ದೋಷವೆಂದು ತೋರಿದರೂ ವಾಸ್ತವದಲ್ಲಿ ಇದೇ ಅನುಕೂಲ: ತುಂಬಿದ ರಾಳವನ್ನು ಆಮ್ಲದಿಂದ ತೊಳೆದು, ಕ್ಷಾರದಿಂದ ಸಿದ್ಧಗೊಳಿಸಿ ಮತ್ತೆ ಬಳಸಬಹುದು.

ಇಂಥ ರಾಳದ ದೊಡ್ಡ ಪ್ರಮಾಣದ ಉಪಯೋಗವನ್ನು ಅರಿಯಲು ನಾವು ದೂರ ಹೋಗಬೇಕಾಗಿಲ್ಲ. ಗೋಕರ್ಣದ ಬಳಿಯ ಸಾಣಿಕಟ್ಟಾದ ಉಪ್ಪಿನ ಆಗರಗಳನ್ನು ನಮ್ಮಲ್ಲಿ ಅನೇಕರು ನೋಡಿದ್ದೇವೆ. ಸಮುದ್ರದ ನೀರು ಬಿಸಿಲಿಗೆ ಆರಿ ಉಪ್ಪು ಹರಳುಗಟ್ಟಿದ ಮೇಲೆ ಉಳಿಯುವ ಕಹಿನೀರಿನಲ್ಲಿ ಮೆಗ್ನೀಸಿಯಮ್ ತುಂಬಿರುತ್ತದೆ. ಹರಳಿನ ಜೊತೆಗೂ ಸ್ವಲ್ಪ ಮೆಗ್ನೀಸಿಯಮ್, ಸ್ವಲ್ಪ ಕ್ಯಾಲ್ಸಿಯಮ್ ಬಂದೇ ಬರುತ್ತದೆ. ಮಳೆಗಾಲದಲ್ಲಿ ಕಲ್ಲುಪ್ಪು ಬೆವರುವುದು ಇದರಿಂದಲೇ. ಅಡುಗೆಗೆ ಅದರಿಂದ ಬಾಧಕವಿಲ್ಲ. ಆದರೆ ಅಂಥ ಉಪ್ಪಿನಿಂದ ಕಾಸ್ಟಿಕ್ ಸೋಡಾ ಮಾಡುವ ಕಾರ್ಖಾನೆಗೆ ಅದು ದೊಡ್ಡ ತೊಡಕು. ಉಪ್ಪುನೀರಿಗೆ ವಿದ್ಯುತ್ ಹಾಯಿಸಿ ಕಾಸ್ಟಿಕ್ ಸೋಡಾ ಮತ್ತು ಕ್ಲೋರಿನ್ ಪಡೆಯುವ ಕ್ರಮದಲ್ಲಿ ಹಿಂದೆ ಕೋಶದ ತಳದಲ್ಲಿ ಪಾದರಸವನ್ನು ಹರಿಸುತ್ತಿದ್ದರು. ಕಾರವಾರದ ಬಳಿ ಬಿಣಗಾದಲ್ಲಿರುವ ಕಾರ್ಖಾನೆಯೂ ಆ ಕಾಲದ್ದೇ. ಅಲ್ಲಿನ ಕಡಲಿನ ನೀರು, ಕೆಸರು, ಜೀವಿಗಳಲ್ಲಿ ಪಾದರಸದ ಅಂಶವನ್ನು ಕುರಿತು ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 1990ರಲ್ಲಿ ಪ್ರಬಂಧ ಪ್ರಕಟಿಸಿದ್ದರು. ಜಪಾನಿನ ಮಿನಮಾಟಾದಲ್ಲಿ 1956ರಲ್ಲಿ ಬೆಳಕಿಗೆ ಬಂದ ದುರಂತದ ಬಳಿಕ ಪಾದರಸವೆಂದರೆ ಜಗತ್ತೇ ಎಚ್ಚೆತ್ತಿತ್ತು. ನಮ್ಮ ದೇಶದಲ್ಲಿಯೂ 2003ರಲ್ಲಿ ಕೇಂದ್ರ ಸರ್ಕಾರ ಮತ್ತು ಉದ್ಯಮಗಳ ನಡುವೆ ಆದ ಒಡಂಬಡಿಕೆಯಂತೆ ಇಂಥ ಕಾರ್ಖಾನೆಗಳು ಪಾದರಸವನ್ನು ಬಿಟ್ಟು ತೆಳುಪೊರೆಯ ವಿಧಾನಕ್ಕೆ ಹೊರಳಬೇಕಾಯಿತು.

ಈ ತೆಳುಪೊರೆ ಅತಿ ಸೂಕ್ಷ್ಮವಾದುದು. ಉಪ್ಪುನೀರಿನಲ್ಲಿ ಸುಣ್ಣದಂಶವಿದ್ದರೆ ಅದು ಪೊರೆಯೊಳಗೆ ಹರಳುಗಟ್ಟಿ ಅದನ್ನು ಕೆಡಿಸುತ್ತದೆ. ಮೊದಲು ಸೋಡಾ ಮತ್ತು ಕ್ಷಾರ ಬೆರೆಸಿ ಸುಣ್ಣ, ಮೆಗ್ನೀಸಿಯಮ್‌ಗಳನ್ನು ಗಷ್ಟಾಗಿ ಇಳಿಸುತ್ತಾರೆ, ಸೋಸುತ್ತಾರೆ. ಆಮೇಲೂ ಉಳಿದದ್ದನ್ನು ತೆಗೆಯಲು ಉಪ್ಪುನೀರನ್ನು ಇಕ್ಕುಳವುಳ್ಳ ರಾಳ ತುಂಬಿದ ಎತ್ತರದ ಕಂಬಗಳ ಮೂಲಕ ಹಾಯಿಸುತ್ತಾರೆ. ಹೊರಬರುವಾಗ ಈ ಎರಡು ಲೋಹಗಳು ಸೇರಿ ನೂರು ಕೋಟಿ ಭಾಗಕ್ಕೆ 20 ಭಾಗಕ್ಕಿಂತ ಕಡಿಮೆಯಿರಬೇಕೆಂಬುದು ನಿಯಮ. ಅಡುಗೆಮನೆಯ ಉಪ್ಪನ್ನು ಇಷ್ಟು ಶುದ್ಧಗೊಳಿಸುವ ಬೇರೆ ದಾರಿ ಇಲ್ಲ ಎಂದೇ ಹೇಳಬಹುದು. ಪಾದರಸವಿಲ್ಲದ ವಿಧಾನ ಸಾಧ್ಯವಾದುದರಲ್ಲಿ ಈ ರವೆಯಂಥ ಗುಂಡುಗಳ ಪಾಲೂ ಇದೆ ಎಂಬುದನ್ನು ಕಡಲ ಕರೆಯವರಾದ ನಾವು ಮರೆಯಲಾಗದು.

ಇನ್ನು ಮೊಮ್ಮಗನ ರಕ್ತದ ಹನಿಗೆ ಬರೋಣ. ಡಿಎನ್‌ಎ ತುಂಬ ಗಟ್ಟಿ ವಸ್ತುವೆಂದು ಅನೇಕರ ಭಾವನೆ. ಒಣಗಿದ್ದಾಗ ಅದು ಹೌದು. ಕಾಗದದ ಮೇಲಿನ ಹನಿ ವರ್ಷಗಟ್ಟಲೆ ಕೆಡದೆ ಉಳಿಯುತ್ತದೆ. ಆದರೆ ಜೀವಕೋಶವನ್ನು ಒಡೆದು ನೀರಿಗೆ ಬಿಟ್ಟೊಡನೆ ಅದಕ್ಕೆ ಎರಡು ಅಪಾಯಗಳು ಎದುರಾಗುತ್ತವೆ. ಡಿಎನ್‌ಎಯನ್ನು ಕತ್ತರಿಸುವ ಕಿಣ್ವಗಳು ನಮ್ಮ ಕೋಶಗಳಲ್ಲಿಯೂ ನಮ್ಮ ಬೆರಳ ತುದಿಯಲ್ಲಿಯೂ ಇವೆ. ಅವಕ್ಕೆ ಕೆಲಸ ಮಾಡಲು ಮೆಗ್ನೀಸಿಯಮ್ ಬೇಕು. ಎರಡನೆಯದಾಗಿ, ನೀರನ್ನು ಕುದಿಸುವಾಗ ಅದರಲ್ಲಿರುವ ಲೋಹದ ಕಣಗಳೇ ಡಿಎನ್‌ಎಯ ಸರಪಳಿಯನ್ನು ತುಂಡರಿಸಲು ನೆರವಾಗುತ್ತವೆ. ಎರಡಕ್ಕೂ ಮೂಲ ಲೋಹವೇ. ಲೋಹವನ್ನು ಹಿಡಿದುಹಾಕಿದರೆ ಎರಡೂ ಅಪಾಯಗಳು ಒಟ್ಟಿಗೆ ದೂರವಾಗುತ್ತವೆ ಎಂಬುದೇ ಈ ವಿಧಾನದ ತಿರುಳು. 1991ರಲ್ಲಿ ವಾಲ್ಶ್, ಮೆಟ್ಜ್‌ಗರ್ ಮತ್ತು ಹಿಗುಚಿ ಎಂಬ ಮೂವರು ವಿಜ್ಞಾನಿಗಳು ಅಪರಾಧ ತನಿಖೆಯ ಮಾದರಿಗಳಿಗಾಗಿ ಇದನ್ನು ಅಚ್ಚುಕಟ್ಟಾಗಿ ರೂಪಿಸಿದರು. ಅಂದಿನಿಂದ ಜಗತ್ತಿನ ಅನೇಕ ಪ್ರಯೋಗಾಲಯಗಳಲ್ಲಿ ಅದು ನಡೆದುಬಂದಿದೆ.

ವಿಧಾನ ಹೀಗಿದೆ. ರಕ್ತದ ಕಲೆಯಿರುವ ಕಾಗದದಿಂದ ಸಾಸಿವೆಗಿಂತ ತುಸು ದೊಡ್ಡದಾದ, 3 ಮಿಲಿಮೀಟರಿನ ಒಂದು ಚೂರನ್ನು ಕತ್ತರಿಸಿ ಒಂದು ಮಿಲಿಲೀಟರ್ ಶುದ್ಧ ನೀರಿನಲ್ಲಿ ಕಾಲು ಗಂಟೆಯಿಂದ ಅರ್ಧ ಗಂಟೆ ನೆನೆಯಿಡುತ್ತಾರೆ. ಕೆಂಪು ಕೋಶಗಳು ಒಡೆದು ಹಿಮೋಗ್ಲೋಬಿನ್ ನೀರಿಗೆ ಇಳಿಯುತ್ತದೆ. ಆ ಕೆಂಪು ನೀರನ್ನು ಚೆಲ್ಲಲೇಬೇಕು. ಏಕೆಂದರೆ ಹಿಮೋಗ್ಲೋಬಿನ್‌ನ ಕಬ್ಬಿಣದ ಭಾಗ ಮುಂದಿನ ಪರೀಕ್ಷೆಯನ್ನು ಅಡ್ಡಗಟ್ಟುತ್ತದೆ. ಕೆಂಪು ಕೋಶಗಳಲ್ಲಿ ಡಿಎನ್‌ಎ ಇಲ್ಲ, ಬಿಳಿಯ ಕೋಶಗಳಲ್ಲಿ ಮಾತ್ರ ಇದೆ. ಅವು ಚೂರಿನ ಜೊತೆ ತಳದಲ್ಲಿ ಉಳಿದಿರುತ್ತವೆ. ನಂತರ ನೂರು ಭಾಗ ನೀರಿಗೆ ಐದು ಭಾಗದಂತೆ ಚೀಲೆಕ್ಸ್ ಬೆರೆಸಿದ ದ್ರವವನ್ನು 200 ಮೈಕ್ರೋಲೀಟರಿನಷ್ಟು ಸೇರಿಸುತ್ತಾರೆ. ಈ ದ್ರವವನ್ನು ತೆಗೆಯುವಾಗ ಸಣ್ಣದೊಂದು ತೊಡಕಿದೆ: ಗುಂಡುಗಳು ಬೇಗ ತಳಕ್ಕಿಳಿಯುತ್ತವೆ. ಕಲಕುತ್ತಲೇ, ಅಗಲ ಬಾಯಿಯ ಕೊಳವೆಯಿಂದ ತೆಗೆಯದಿದ್ದರೆ ಬರುವುದು ಬರಿ ನೀರು. ಸಾಬಕ್ಕಿ ಪಾಯಸವನ್ನು ಬಡಿಸುವವರಿಗೆ ಈ ಕಷ್ಟವನ್ನು ವಿವರಿಸಿ ಹೇಳಬೇಕಾಗಿಲ್ಲ.

56 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಸುಮಾರು ಅರ್ಧ ಗಂಟೆಯಿಟ್ಟ ಮೇಲೆ, ಜೋರಾಗಿ ಅಲುಗಾಡಿಸಿ, ಕುದಿಯುವ ನೀರಿನಲ್ಲಿ 8 ನಿಮಿಷ ಇಡುತ್ತಾರೆ. ಕೋಶಗಳು ಬಿರಿಯುತ್ತವೆ, ಪ್ರೋಟೀನುಗಳು ಬೆಂದು ಹಾಳಾಗುತ್ತವೆ, ಡಿಎನ್‌ಎ ಹೊರಬರುತ್ತದೆ. ಸುತ್ತಲಿನ ಲೋಹವನ್ನೆಲ್ಲ ರಾಳ ಆಗಲೇ ಹಿಡಿದಿರುವುದರಿಂದ ಕುದಿತದಲ್ಲಿಯೂ ಡಿಎನ್‌ಎ ಪೂರ್ತಿ ಕೆಡುವುದಿಲ್ಲ. ರಾಳವೂ ಋಣ ವಿದ್ಯುದಂಶವುಳ್ಳದ್ದು, ಡಿಎನ್‌ಎಯೂ ಹಾಗೆಯೇ. ಆದ್ದರಿಂದ ಒಂದನ್ನೊಂದು ದೂರ ತಳ್ಳುತ್ತವೆ, ಡಿಎನ್‌ಎ ಗುಂಡಿಗೆ ಅಂಟದೆ ನೀರಿನಲ್ಲೇ ಉಳಿಯುತ್ತದೆ. ಕೊನೆಗೆ ಕೊಳವೆಯನ್ನು ವೇಗವಾಗಿ ಸುತ್ತಿಸಿ ಗುಂಡುಗಳನ್ನು ತಳಕ್ಕಿಳಿಸಿ, ಮೇಲಿನ ತಿಳಿಯನ್ನು ಮಾತ್ರ ತೆಗೆದುಕೊಳ್ಳುತ್ತಾರೆ. ಇಷ್ಟೇ. ಫೀನಾಲ್, ಕ್ಲೋರೋಫಾರ್ಮ್‌ನಂಥ ವಿಷಕಾರಿ ದ್ರವಗಳು ಬೇಡ, ಒಂದು ಕೊಳವೆಯಿಂದ ಇನ್ನೊಂದಕ್ಕೆ ಮತ್ತೆ ಮತ್ತೆ ಸುರಿಯುವುದೂ ಬೇಡ. ಕೊಳವೆ ಬದಲಾದಷ್ಟೂ ಒಬ್ಬರ ಮಾದರಿಗೆ ಇನ್ನೊಬ್ಬರದು ಬೆರೆಯುವ ಭಯ ಹೆಚ್ಚು. ಒಂದೇ ಕೊಳವೆಯಲ್ಲಿ ಮುಗಿಯುವ ವಿಧಾನದ ಬೆಲೆ ಅಲ್ಲಿದೆ.

ತಿಳಿಯ ಜೊತೆ ಒಂದೆರಡು ಗುಂಡುಗಳು ಬಂದುಬಿಟ್ಟರೆ ಏನಾಗುತ್ತದೆ ಎಂಬುದು ಸ್ವಾರಸ್ಯದ ಸಂಗತಿ. ಮುಂದಿನ ಹಂತದಲ್ಲಿ ಡಿಎನ್‌ಎಯ ಒಂದು ಭಾಗವನ್ನು ಕೋಟಿಗಟ್ಟಲೆ ಪ್ರತಿಗಳಾಗಿ ಬೆಳೆಸುತ್ತಾರೆ. ಪಿಸಿಆರ್ ಎಂಬ ಹೆಸರು ಕೊರೊನಾ ಕಾಲದಲ್ಲಿ ನಮ್ಮೆಲ್ಲರ ಕಿವಿಗೂ ಬಿದ್ದಿದೆ. ಆ ಕೆಲಸ ಮಾಡುವ ಕಿಣ್ವಕ್ಕೂ ಮೆಗ್ನೀಸಿಯಮ್ ಬೇಕೇ ಬೇಕು. ಉಳಿದ ಗುಂಡುಗಳು ಆ ಮೆಗ್ನೀಸಿಯಮನ್ನೂ ಹಿಡಿದುಬಿಡುತ್ತವೆ, ಪರೀಕ್ಷೆ ವಿಫಲವಾಗುತ್ತದೆ. ‘ಮಾದರಿ ಸರಿಬರಲಿಲ್ಲ, ಮತ್ತೊಮ್ಮೆ ರಕ್ತ ಕೊಡಿ’ ಎಂದು ಪ್ರಯೋಗಾಲಯದವರು ಕೇಳಿದಾಗ ಮಗುವಿಗೆ ಏನೋ ದೊಡ್ಡ ಕಾಯಿಲೆ ಎಂದು ಎದೆಗೆಡಬೇಕಾಗಿಲ್ಲ. ಇಂಥ ಸಣ್ಣ ಕಾರಣಗಳೂ ಇರುತ್ತವೆ.

ವಿಧಾನಕ್ಕೆ ಮಿತಿಗಳಿವೆ. ಕುದಿಸಿದ ಡಿಎನ್‌ಎಯ ಎರಡು ಎಳೆಗಳು ಬೇರ್ಪಟ್ಟಿರುತ್ತವೆ. ಪಿಸಿಆರ್‌ಗೆ ಅದು ಸಾಕು, ಜೋಡಿ ಎಳೆ ಬೇಕಾದ ಪರೀಕ್ಷೆಗಳಿಗೆ ಸಾಲದು. ಬಹುಕಾಲ ಕಾದಿರಿಸಲೂ ಅದು ತಕ್ಕುದಲ್ಲ. ದೊಡ್ಡ ಆಸ್ಪತ್ರೆಗಳಲ್ಲಿ ಈಗ ಸಿಲಿಕಾ ಪೊರೆಗೆ ಡಿಎನ್‌ಎಯನ್ನು ಅಂಟಿಸಿ ತೊಳೆಯುವ ಸಿದ್ಧ ಪೆಟ್ಟಿಗೆಗಳನ್ನೇ ಹೆಚ್ಚು ಬಳಸುತ್ತಾರೆ. ಆದರೆ ಹಣ ಕಡಿಮೆ, ಮಾದರಿಗಳು ಸಾವಿರಾರು ಎಂಬಲ್ಲಿ, ಉದಾಹರಣೆಗೆ ಮಲೇರಿಯಾ ರೋಗಾಣುವಿಗೆ ಔಷಧ ನಾಟದಂಥ ಶಕ್ತಿ ಬಂದಿದೆಯೇ ಎಂದು ಒಣ ರಕ್ತದ ಹನಿಗಳಿಂದ ಹುಡುಕುವಾಗ, ಇಂದಿಗೂ ಈ ರಾಳವೇ ಗತಿ. 2020ರಲ್ಲಿ ಸಿದ್ಧ ಪೆಟ್ಟಿಗೆಗಳು ಸಿಗದೆ ಹೋದಾಗ ಜೊಲ್ಲಿನಿಂದ ಕೊರೊನಾ ವೈರಾಣುವನ್ನು ಪತ್ತೆಹಚ್ಚಲು ಹಲವು ಸಂಶೋಧಕರು ಮತ್ತೆ ಇದರತ್ತ ಹೊರಳಿ ನೋಡಿದರು.

ರಾಳವಿಲ್ಲದ ಕಡೆಯೂ ಇಕ್ಕುಳ ಇದ್ದೇ ಇರುತ್ತದೆ. ತಾಲ್ಲೂಕು ಆಸ್ಪತ್ರೆಯಲ್ಲಿ ರಕ್ತ ತೆಗೆದು ನೇರಳೆ ಮುಚ್ಚಳದ ಕೊಳವೆಗೆ ಹಾಕುವುದನ್ನು ಕಂಡಿರಬಹುದು. ಅದರೊಳಗೆ ಇಡಿಟಿಎ ಎಂಬ ವಸ್ತುವಿನ ಲೇಪವಿರುತ್ತದೆ. ಅದು ಆರು ಕಡೆಗಳಿಂದ ಹಿಡಿಯುವ ಇಕ್ಕುಳ. ರಕ್ತದ ಕ್ಯಾಲ್ಸಿಯಮನ್ನು ಹಿಡಿದುಬಿಡುತ್ತದೆ. ಕ್ಯಾಲ್ಸಿಯಮ್ ಇಲ್ಲದೆ ರಕ್ತ ಹೆಪ್ಪುಗಟ್ಟದು. ರಕ್ತಕೋಶಗಳ ಎಣಿಕೆಗೂ ಡಿಎನ್‌ಎ ಪರೀಕ್ಷೆಗೂ ಈ ಕೊಳವೆಯೇ ಸೂಕ್ತ. ಅದೇ ರಕ್ತದಲ್ಲಿ ಕ್ಯಾಲ್ಸಿಯಮ್ ಎಷ್ಟಿದೆ ಎಂದು ಅಳೆದರೆ ಉತ್ತರ ತಪ್ಪಾಗುತ್ತದೆ. ಒಬ್ಬರ ಕೈಯಿಂದ ಮೂರು ಬಣ್ಣದ ಕೊಳವೆಗಳಿಗೆ ರಕ್ತ ತುಂಬುವುದನ್ನು ನೋಡಿ ‘ಇಷ್ಟೊಂದು ರಕ್ತ ಏಕೆ’ ಎಂದು ಮುನಿಸಿಕೊಳ್ಳುವ ಹಿರಿಯರಿಗೆ ಇದೇ ಉತ್ತರ.

ಈಗ ದೇಹದೊಳಗಿನ ಮಾತು. ಎರಡನೆಯ ಪ್ರಶ್ನೆಗೆ ಉತ್ತರ ಹೇಳುವ ಮುನ್ನ ಕೀಲೇಷನ್ ನಿಜವಾಗಿ ಜೀವ ಉಳಿಸುವ ಜಾಗವನ್ನು ತಿಳಿಯಬೇಕು. ಥಲಸ್ಸೀಮಿಯಾ ಎಂಬ ಆನುವಂಶಿಕ ರೋಗವುಳ್ಳ ಮಕ್ಕಳಿಗೆ ಎರಡು ಮೂರು ವಾರಕ್ಕೊಮ್ಮೆ ರಕ್ತ ಕೊಡಬೇಕು. ಒಂದು ಚೀಲ ರಕ್ತದಲ್ಲಿ 200ರಿಂದ 250 ಮಿಲಿಗ್ರಾಂ ಕಬ್ಬಿಣವಿರುತ್ತದೆ. ನಮ್ಮ ದೇಹ ದಿನಕ್ಕೆ ಹೊರಹಾಕುವುದು ಒಂದು ಮಿಲಿಗ್ರಾಂ ಆಸುಪಾಸು ಮಾತ್ರ. ಹೆಚ್ಚಿನದನ್ನು ಹೊರಕಳಿಸಲು ದೇಹದಲ್ಲಿ ಬಾಗಿಲೇ ಇಲ್ಲ. ಆ ಕಬ್ಬಿಣ ಹೃದಯ, ಯಕೃತ್ತು, ಗ್ರಂಥಿಗಳಲ್ಲಿ ಕೂಡಿಕೊಳ್ಳುತ್ತದೆ. ರಕ್ತದಿಂದ ಬದುಕಿದ ಮಗು ಕಬ್ಬಿಣದಿಂದ ಹದಿಹರೆಯದಲ್ಲಿ ಸಾಯುತ್ತದೆ. ಡೆಫೆರಾಕ್ಸಮೈನ್ ಎಂಬ ಇಕ್ಕುಳ ಔಷಧ ಬಂದ ಮೇಲೆ ಈ ಚಿತ್ರ ಬದಲಾಯಿತು. ಮಣ್ಣಿನ ಒಂದು ಸೂಕ್ಷ್ಮಜೀವಿ ತನಗೆ ಬೇಕಾದ ಕಬ್ಬಿಣವನ್ನು ದೋಚಿಕೊಳ್ಳಲು ಮಾಡಿಕೊಂಡ ಸಾಧನದಿಂದ ಅದು ಬಂದಿದೆ. ವಾರದಲ್ಲಿ ಐದಾರು ರಾತ್ರಿ, ಎಂಟು ಹತ್ತು ಗಂಟೆಗಳ ಕಾಲ ಚರ್ಮದಡಿಗೆ ಸಣ್ಣ ಪಂಪಿನಿಂದ ಹರಿಸಬೇಕಾಗಿದ್ದ ಕಷ್ಟದ ಔಷಧವದು. ಈಗ ಡೆಫೆರಿಪ್ರೋನ್, ಡೆಫೆರಾಸಿರಾಕ್ಸ್ ಎಂಬ ಗುಳಿಗೆಗಳಿವೆ. ಹತ್ತರಿಂದ ಇಪ್ಪತ್ತು ಬಾರಿ ರಕ್ತ ಕೊಟ್ಟ ಬಳಿಕ, ಅಥವಾ ರಕ್ತದ ಫೆರಿಟಿನ್ 1000ದ ಗಡಿ ದಾಟಿದಾಗ ವೈದ್ಯರು ಇವನ್ನು ಆರಂಭಿಸುತ್ತಾರೆ. ಮಗು ಚೆನ್ನಾಗಿ ಆಡಿಕೊಂಡಿದೆ ಎಂದು ತಂದೆತಾಯಿ ಗುಳಿಗೆಯನ್ನು ನಿಲ್ಲಿಸುವುದೇ ಇಲ್ಲಿನ ದೊಡ್ಡ ಆಪತ್ತು. ಕಬ್ಬಿಣ ಕೂಡಿಕೊಳ್ಳುವುದು ಹೊರಗೆ ಕಾಣುವುದಿಲ್ಲ.

ಈ ರೋಗದ ವಿಷಯದಲ್ಲಿ ಡಿಎನ್‌ಎ ಪರೀಕ್ಷೆ ಮತ್ತು ಕೀಲೇಷನ್ ಎರಡೂ ಒಂದೇ ಮನೆಯ ಬಾಗಿಲಿಗೆ ಬರುತ್ತವೆ. ತಾಯಿತಂದೆ ಇಬ್ಬರೂ ರೋಗದ ವಾಹಕರಾಗಿದ್ದರೆ ಪ್ರತಿಯೊಂದು ಮಗುವಿಗೂ ರೋಗ ಬರುವ ಸಂಭವ ನಾಲ್ಕರಲ್ಲೊಂದು. ವಾಹಕರು ಆರೋಗ್ಯವಂತರಾಗಿಯೇ ಇರುವುದರಿಂದ ಪರೀಕ್ಷೆಯಿಲ್ಲದೆ ತಿಳಿಯದು. ಹಿಮೋಗ್ಲೋಬಿನ್ ಎ2 ಎಂಬ ಪರೀಕ್ಷೆಯನ್ನು ಬದುಕಿನಲ್ಲಿ ಒಂದೇ ಬಾರಿ ಮಾಡಿಸಿದರೆ ಸಾಕು. ಸಾಮಾನ್ಯವಾಗಿ ನೂರಕ್ಕೆ 3.5ಕ್ಕಿಂತ ಹೆಚ್ಚಿದ್ದರೆ ವಾಹಕರೆಂದು ಅರ್ಥ. ಗರ್ಭ ನಿಂತ ಮೇಲೆ ಇಬ್ಬರೂ ವಾಹಕರೆಂದು ತಿಳಿದುಬಂದರೆ 10ರಿಂದ 12ನೆಯ ವಾರದ ಸುಮಾರಿಗೆ ಮಾಸುವಿನ ಸಣ್ಣ ಚೂರಿನಿಂದ ಡಿಎನ್‌ಎ ತೆಗೆದು ಶಿಶುವಿನ ಸ್ಥಿತಿಯನ್ನು ಅರಿಯಬಹುದು. ಸೋದರಿಕೆಯಲ್ಲಿ ಸಂಬಂಧ ಬೆಳೆಸುವ ರೂಢಿ ನಮ್ಮಲ್ಲಿ ಇನ್ನೂ ಇದೆ. ಜಾತಕ ನೋಡುವ ಮನೆಗಳೂ ನೋಡದ ಮನೆಗಳೂ ನಿಶ್ಚಯಕ್ಕೆ ಮುನ್ನ ಈ ಒಂದು ಕಾಗದವನ್ನು ನೋಡಲಿ ಎಂಬುದು ನಮ್ಮ ಬಿನ್ನಹ.

ಸೀಸದ ವಿಷದಲ್ಲಿಯೂ ಕೀಲೇಷನ್ ಉಂಟು. ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗಸೂಚಿಯಂತೆ ಮಗುವಿನ ಒಂದು ಡೆಸಿಲೀಟರ್ ರಕ್ತದಲ್ಲಿ 45 ಮೈಕ್ರೋಗ್ರಾಂ ಅಥವಾ ಅದಕ್ಕೂ ಹೆಚ್ಚು ಸೀಸವಿದ್ದರೆ ಇಕ್ಕುಳ ಔಷಧ ಕೊಡಬೇಕು. ಅದಕ್ಕಿಂತ ಕೆಳಗೆ ಸಾಮಾನ್ಯವಾಗಿ ಮೂಲವನ್ನು ಹುಡುಕಿ ತಪ್ಪಿಸುವುದೇ ಚಿಕಿತ್ಸೆ. ಮೂಲವನ್ನು ಹಾಗೆಯೇ ಬಿಟ್ಟು ಔಷಧ ಕೊಟ್ಟರೆ ತೂತು ಮುಚ್ಚದೆ ದೋಣಿಯ ನೀರು ಗೋರಿದಂತೆ.

ಹೃದಯದ ವಿಷಯ ಬೇರೆ. ರಕ್ತನಾಳದ ಗಡ್ಡೆಯಲ್ಲಿ ಸುಣ್ಣದಂಶವಿರುತ್ತದೆ, ಇಡಿಟಿಎ ಸುಣ್ಣವನ್ನು ಹಿಡಿಯುತ್ತದೆ, ಆದ್ದರಿಂದ ಗಡ್ಡೆ ಕರಗುತ್ತದೆ ಎಂಬುದು ಜಾಹೀರಾತಿನವರ ವಾದ. ಕೇಳಲು ಸರಿಯೆನಿಸುತ್ತದೆ. ಆದರೆ ಗಡ್ಡೆಯೆಂದರೆ ಸುಣ್ಣ ಮಾತ್ರವಲ್ಲ. ಕೊಬ್ಬು, ನಾರು, ಕೋಶಗಳೆಲ್ಲ ಬೆರೆತದ್ದು. ಅದು ನಾಳದ ಭಿತ್ತಿಯೊಳಗೆ ಹುದುಗಿರುತ್ತದೆ, ಒಳಮೈಗೆ ಅಂಟಿದ ಕಿಲುಬಲ್ಲ. ಅಮೆರಿಕದಲ್ಲಿ ಹೃದಯಾಘಾತವಾದವರ ಮೇಲೆ ನಡೆದು 2013ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗವೊಂದರಲ್ಲಿ ಅಲ್ಪ ಪ್ರಯೋಜನ, ಅದರಲ್ಲಿಯೂ ಮಧುಮೇಹಿಗಳಿಗೆ ಹೆಚ್ಚು, ಕಂಡಂತಾಯಿತು. ಅದನ್ನು ಖಚಿತಪಡಿಸಿಕೊಳ್ಳಲು ಮಧುಮೇಹವಿರುವ ಹೃದ್ರೋಗಿಗಳ ಮೇಲೆಯೇ ಎರಡನೆಯ ಪ್ರಯೋಗ ನಡೆಸಿದರು. 2024ರಲ್ಲಿ ಫಲಿತಾಂಶ ಬಂತು: ರಕ್ತದ ಸೀಸ ಗಣನೀಯವಾಗಿ ಇಳಿಯಿತು, ಹೃದಯದ ತೊಂದರೆಗಳು ಇಳಿಯಲಿಲ್ಲ. ಔಷಧ ತನ್ನ ಕೆಲಸ ಮಾಡಿತು, ರೋಗಿಗೆ ಒಳಿತಾಗಲಿಲ್ಲ. ಇಂಥ ವ್ಯತ್ಯಾಸವನ್ನು ಜಾಹೀರಾತು ಎಂದೂ ಹೇಳುವುದಿಲ್ಲ.

ಅಪಾಯವೂ ಇದೆ. ಇಡಿಟಿಎಯಲ್ಲಿ ಎರಡು ರೂಪಗಳಿವೆ. ಮೊದಲೇ ಕ್ಯಾಲ್ಸಿಯಮ್ ಹಿಡಿದಿರುವ ರೂಪ ಸೀಸದ ಚಿಕಿತ್ಸೆಗೆ. ಕ್ಯಾಲ್ಸಿಯಮ್ ಇಲ್ಲದ ಬರಿಯ ಸೋಡಿಯಮ್ ರೂಪ ರಕ್ತದ ಕ್ಯಾಲ್ಸಿಯಮನ್ನೇ ಕಸಿದುಕೊಳ್ಳುತ್ತದೆ, ಹೃದಯ ನಿಲ್ಲಬಹುದು. ಹೆಸರುಗಳು ಒಂದೇ ಬಗೆಯಾಗಿರುವುದರಿಂದ ಅದಲುಬದಲಾಗುವುದು ಸುಲಭ. 2005ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಆಟಿಸಂ ಇದ್ದ ಐದು ವರ್ಷದ ಬಾಲಕನೊಬ್ಬ ಈ ಎರಡನೆಯ ರೂಪದಿಂದಲೇ ಸತ್ತ. ಆಟಿಸಂಗೆ ಕೀಲೇಷನ್ ಔಷಧವಲ್ಲ, ಹೃದಯದ ಅಡಚಣೆಗೂ ಅಲ್ಲ, ‘ದೇಹ ಶುದ್ಧಿ’ಗಂತೂ ಅಲ್ಲವೇ ಅಲ್ಲ. ಆದ್ದರಿಂದ ಇಡಗುಂಜಿಯ ಭಕ್ತರಿಗೆ ನಮ್ಮ ಉತ್ತರ ಸ್ಪಷ್ಟ: ಮಾಡಿಸಿಕೊಳ್ಳಬೇಡಿ. ಆ ಹಣ ಮತ್ತು ಆ ದಿನಗಳನ್ನು ಹೃದ್ರೋಗ ತಜ್ಞರು ಬರೆದುಕೊಟ್ಟ ಗುಳಿಗೆಗಳಿಗೂ ನಡಿಗೆಗೂ ಮೀಸಲಿಡಿ. ಈಗಾಗಲೇ ಸೇವಿಸುತ್ತಿರುವ ಗುಳಿಗೆಗಳನ್ನು ನಿಲ್ಲಿಸಿ ಈ ಚಿಕಿತ್ಸೆಗೆ ಹೋದವರಿಗೆ ನಷ್ಟ ಇಮ್ಮಡಿ.

ಮನೆಯ ನೀರಿನ ಬಗೆಗೆ ಎರಡು ಮಾತು. ಗಡಸು ನೀರಿಗೆ ಹಾಕಿಸುವ ಉಪ್ಪು ತುಂಬುವ ಯಂತ್ರದಲ್ಲಿಯೂ ರಾಳವೇ ಇದೆ, ಆದರೆ ಇಕ್ಕುಳವುಳ್ಳ ರಾಳವಲ್ಲ. ಅದು ಸುಣ್ಣವನ್ನು ಕೊಟ್ಟು ಸೋಡಿಯಮನ್ನು ಬದಲಿಗೆ ಬಿಡುತ್ತದೆ ಎನ್ನುವುದಕ್ಕಿಂತ, ಸುಣ್ಣವನ್ನು ತೆಗೆದುಕೊಂಡು ಸೋಡಿಯಮನ್ನು ಬಿಡುತ್ತದೆ ಎನ್ನುವುದು ಸರಿ. ರಕ್ತದೊತ್ತಡವುಳ್ಳವರು ಆ ನೀರನ್ನು ಸ್ನಾನಕ್ಕೂ ಬಟ್ಟೆಗೂ ಬಳಸಿ, ಕುಡಿಯಲು ಬೇರೆ ನಲ್ಲಿ ಇಟ್ಟುಕೊಳ್ಳುವುದು ಲೇಸು. ಭಾರತೀಯ ಮಾನಕದಂತೆ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿದ್ದರೆ ಉತ್ತಮ, ಬೇರೆ ನೀರಿಲ್ಲದಿದ್ದರೆ 600ರವರೆಗೆ ನಡೆಯುತ್ತದೆ, ಸೀಸವಾದರೋ 0.01 ಮಿಲಿಗ್ರಾಂ ಮೀರಬಾರದು. ಕುದಿಸಿದರೆ ರೋಗಾಣು ಸಾಯುತ್ತದೆ, ಲೋಹ ಹೋಗದು. ಬಯಲುಸೀಮೆಯ ಭಕ್ತರು ಒಂದು ಅಂಶವನ್ನು ಗಮನಿಸಬೇಕು: ಫ್ಲೋರೈಡ್ ಲೋಹವಲ್ಲ, ಋಣ ವಿದ್ಯುದಂಶದ ಕಣ. ಲೋಹ ಹಿಡಿಯುವ ಯಾವ ರಾಳವೂ ಅದನ್ನು ಹಿಡಿಯದು. ಅದಕ್ಕೆ ಅಲ್ಯುಮಿನಾ ಅಥವಾ ಆರ್‌ಒ ಬೇಕು. ‘ಎಲ್ಲವನ್ನೂ ತೆಗೆಯುತ್ತದೆ’ ಎನ್ನುವ ಮಾರಾಟಗಾರನಿಗೆ ಮೊದಲು ನೀರಿನ ಪರೀಕ್ಷೆಯ ವರದಿಯನ್ನು ತೋರಿಸಿ, ಇದರಲ್ಲಿ ಯಾವುದನ್ನು ತೆಗೆಯುತ್ತೀರಿ ಎಂದು ಕೇಳಬೇಕು.

ಅಡುಗೆಮನೆಯಲ್ಲಿ ಮುರುಗಲು, ಹುಣಸೆ, ಮಜ್ಜಿಗೆಗಳ ಹುಳಿಯೂ ಒಂದು ಮಟ್ಟಿಗೆ ಇಕ್ಕುಳವೇ. ಹಣ್ಣಿನ ಆಮ್ಲಗಳು ಲೋಹವನ್ನು ಹಿಡಿದು ಸಾರಿಗೆ ಇಳಿಸುತ್ತವೆ. ಕಲಾಯಿ ಹೋದ ಹಿತ್ತಾಳೆ ಪಾತ್ರೆಯಲ್ಲಿ ಹುಳಿ ಕುದಿಸಬಾರದೆಂದು ಅಜ್ಜಿಯರು ಹೇಳಿದ್ದು ಇದನ್ನೇ. ಕಲಾಯಿ ಹಾಕಿಸುವಾಗ ಶುದ್ಧ ತವರವನ್ನೇ ಬಳಸುತ್ತಾರೆಯೇ ಎಂದು ಕೇಳಿ ತಿಳಿಯಬೇಕು. ಸೀಸ ಬೆರೆತ ತವರ ಅಗ್ಗ, ಅದರಲ್ಲಿ ಮಾಡಿದ ಹುಳಿ ವಿಷ. ಚೌತಿಯ ಮೂರ್ತಿಗಳಿಗೆ ಬಳಿಯುವ ಹೊಳಪು ಬಣ್ಣಗಳ ವಿಷಯದಲ್ಲಿಯೂ ಇದೇ ಎಚ್ಚರ ಬೇಕು. ಮನೆಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷ ಭಾಗಕ್ಕೆ 90 ಭಾಗ ಮೀರಬಾರದೆಂಬ ನಿಯಮ 2017ರ ನವೆಂಬರಿನಿಂದ ದೇಶದಲ್ಲಿ ಜಾರಿಯಲ್ಲಿದೆ. ಬಣ್ಣವಿಲ್ಲದ ಮಣ್ಣಿನ ಗಣಪನನ್ನು ಬಾವಿಗೆ ಬಿಟ್ಟರೆ ಆ ಚಿಂತೆಯೇ ಇಲ್ಲ.

ಕೊನೆಯದಾಗಿ ಗುಳಿಗೆ ನುಂಗುವ ಹೊತ್ತಿನ ವಿಚಾರ, ಏಕೆಂದರೆ ಇದು ಪ್ರತಿ ಮನೆಗೂ ಸೇರಿದ್ದು. ಚಹಾ, ಕಾಫಿಗಳ ಒಗರು ಕಬ್ಬಿಣವನ್ನು ಹಿಡಿದು ಕರುಳಿಗೆ ಸೇರದಂತೆ ಮಾಡುತ್ತದೆ. ಗರ್ಭಿಣಿಯರು ಕಬ್ಬಿಣದ ಗುಳಿಗೆಯನ್ನು ಚಹಾದೊಡನೆ ನುಂಗಿದರೆ ಹೆಚ್ಚಿನ ಪಾಲು ವ್ಯರ್ಥ. ಲಿಂಬೆಹಣ್ಣಿನ ನೀರಿನೊಡನೆ ನುಂಗಿದರೆ ಒಳಿತು, ಚಹಾಕ್ಕೆ ಒಂದು ಗಂಟೆಯಾದರೂ ಅಂತರವಿರಲಿ. ಥೈರಾಯ್ಡ್ ಗುಳಿಗೆಯನ್ನು ಬೆಳಗ್ಗೆ ಬರಿ ಹೊಟ್ಟೆಯಲ್ಲಿ ತೆಗೆದುಕೊಂಡು, ಕ್ಯಾಲ್ಸಿಯಮ್ ಅಥವಾ ಕಬ್ಬಿಣದ ಗುಳಿಗೆಯನ್ನು ನಾಲ್ಕು ಗಂಟೆ ಬಿಟ್ಟು ತೆಗೆದುಕೊಳ್ಳಬೇಕು. ಮಳೆಗಾಲದಲ್ಲಿ ಗದ್ದೆಯ ಕೆಸರಿಗಿಳಿಯುವ ಕರಾವಳಿಯವರಿಗೆ ಇಲಿಜ್ವರ ಬಂದಾಗ ವೈದ್ಯರು ಡಾಕ್ಸಿಸೈಕ್ಲಿನ್ ಬರೆದುಕೊಡುವುದುಂಟು. ಅದೂ ಲೋಹ ಹಿಡಿಯುವ ಅಣುವೇ: ಎದೆಯುರಿಗೆ ಕುಡಿಯುವ ಬಿಳಿಯ ದ್ರವ, ಕಬ್ಬಿಣ ಅಥವಾ ಕ್ಯಾಲ್ಸಿಯಮ್ ಗುಳಿಗೆಗಳೊಡನೆ ಸೇರಿದರೆ ಅವುಗಳ ಲೋಹಕ್ಕೆ ಕಚ್ಚಿಕೊಂಡು ರಕ್ತಕ್ಕೆ ಹೋಗದೆ ಮಲದೊಡನೆ ಹೊರಟುಹೋಗುತ್ತದೆ. ಎರಡರಿಂದ ಮೂರು ಗಂಟೆಗಳ ಅಂತರವಿಟ್ಟು, ಒಂದು ದೊಡ್ಡ ಲೋಟ ನೀರಿನೊಡನೆ, ಕುಳಿತು ಅಥವಾ ನಿಂತು ನುಂಗಬೇಕು. ನುಂಗಿದೊಡನೆ ಮಲಗಿದರೆ ಗುಳಿಗೆ ಅನ್ನನಾಳದಲ್ಲಿ ನಿಂತು ಹುಣ್ಣು ಮಾಡುತ್ತದೆ.